ಟಮಾಲೆಯ ಗೋಣಿ, ವೆನಿಸ್ಸಿನ ಗೋಡೆ



ಪಶ್ಚಿಮ ಆಫ್ರಿಕದ ಘಾನಾ ದೇಶ ಕೋಕೋ ಬೆಳೆಗೆ ಹೆಸರಾದದ್ದು. ಆದರೆ ಆ ಕೋಕೋ ಬೀಜ ತುಂಬುವ ಗೋಣಿಚೀಲ ಅಲ್ಲಿಯದಲ್ಲ. ಅದು ಹೋಗುವುದು ನಮ್ಮ ಕಡೆಯಿಂದ, ಬಾಂಗ್ಲಾದೇಶದ ಮತ್ತು ಭಾರತದ ಸೆಣಬಿನ ಗಿರಣಿಗಳಿಂದ. ಅಲ್ಲಿನ ಸರ್ಕಾರದ ಕೋಕೋ ಮಂಡಳಿ ಚೀಲಗಳನ್ನು ತರಿಸಿ, ಮೇಲೆ ತನ್ನ ಹೆಸರು ಅಚ್ಚು ಹಾಕಿಸಿ, ಒಂದೊಂದರಲ್ಲಿ ಸುಮಾರು 64 ಕಿಲೋ ತುಂಬಿಸಿ, ಚಾಕೊಲೇಟು ತಯಾರಿಸುವ ದೇಶಗಳಿಗೆ ಹಡಗು ಹತ್ತಿಸುತ್ತದೆ. ಊರಿನಲ್ಲೇ ಉಳಿದ ಚೀಲಗಳಿಗೆ ಬೇರೆಯೇ ಬಾಳು. ಅವು ಅಕ್ಕಿಗೆ ಬರುತ್ತವೆ, ಮೆಕ್ಕೆಜೋಳಕ್ಕೆ ಬರುತ್ತವೆ. ಅಲ್ಲಲ್ಲಿ ಹರಿದು ತೇಪೆ ಬಿದ್ದ ಮೇಲೆ ಇದ್ದಿಲಿಗೆ ಬರುತ್ತವೆ. ಒಮ್ಮೆ ಇದ್ದಿಲು ತುಂಬಿದ ಚೀಲ ಮತ್ತೆ ಯಾವ ಕಾಳಿಗೂ ಬರುವುದಿಲ್ಲ. ಕಪ್ಪಾಗಿ, ಜಾಳಾಗಿ, ಹೊಗೆ ವಾಸನೆ ಹೊಡೆಯುತ್ತ ಮೂಲೆ ಸೇರುತ್ತದೆ.

ಆ ಮೂಲೆಯಿಂದ ಅದನ್ನು ಎತ್ತಿಕೊಂಡವರು ಇಬ್ರಾಹಿಂ ಮಹಾಮ. ಘಾನಾದ ಉತ್ತರ ಭಾಗದ ಟಮಾಲೆ ಊರಿನಲ್ಲಿ 1987ರಲ್ಲಿ ಹುಟ್ಟಿದವರು. ಶಿಲ್ಪಿ ಎಂದರೆ ಕಲ್ಲು ಕೆತ್ತುವವರು, ಲೋಹ ಎರಕ ಹೊಯ್ಯುವವರು ಎಂಬ ನಮ್ಮ ರೂಢಿಯ ಎಣಿಕೆಗೆ ಅವರು ಸಿಕ್ಕುವುದಿಲ್ಲ. ಇದ್ದಿಲು ಮಾರುವವರ ಬಳಿಗೆ ಹೋಗಿ ಹೊಸ ಚೀಲ ಕೊಟ್ಟು ಹಳೆಯ ಚೀಲ ಪಡೆಯುತ್ತಾರೆ. ಹಾಗೆ ಕೂಡಿಹಾಕಿದ ಚೀಲಗಳನ್ನು ಬಿಡಿಸಿ, ಹರಡಿ, ಹತ್ತಾರು ಮಂದಿ ಕೂತು ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಆ ಮಹಾ ಗೋಣಿತಾಟನ್ನು ಕಟ್ಟಡಗಳ ಮೇಲೆ ಇಳಿಬಿಡುತ್ತಾರೆ. ಇದು ಶಿಲ್ಪವೇ ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಅದಕ್ಕೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಅವರು ನಡೆದ ದಾರಿಯನ್ನು ಹೇಳುತ್ತ ಹೋಗುತ್ತೇನೆ.

ದಾರಿ ಶುರುವಾಗುವುದು ಕುಮಾಸಿ ನಗರದಲ್ಲಿ. ಅಲ್ಲಿ ಸ್ವತಂತ್ರ ಘಾನಾದ ಮೊದಲ ನಾಯಕ ಎನ್‌ಕ್ರುಮಾ ಹೆಸರಿನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಿದೆ, ಅದರಲ್ಲೊಂದು ಕಲಾ ವಿಭಾಗವಿದೆ. ಬ್ರಿಟಿಷರ ಕಾಲದ ಪಠ್ಯಕ್ರಮ ಬಹಳ ದಿನ ಅಲ್ಲಿ ಅಳಿಯದೆ ಉಳಿದಿತ್ತು. ಚೌಕಟ್ಟಿನೊಳಗೆ ಬಣ್ಣ ಬಳಿಯುವುದನ್ನು ಕಲಿಸು, ಪರೀಕ್ಷೆ ನಡೆಸು, ಪದವಿ ಕೊಡು. ಇದನ್ನು ಅಲುಗಾಡಿಸಿದ ಮೇಷ್ಟ್ರು ಕರಿಕಾಚಾ ಸೈದು. ಈ ಶತಮಾನದ ಮೊದಲ ದಶಕದಲ್ಲಿ ಅವರೂ ಅವರ ಜೊತೆಗಾರರೂ ವಿದ್ಯಾರ್ಥಿಗಳನ್ನು ತರಗತಿಯಿಂದ ಎಬ್ಬಿಸಿ ಪೇಟೆಗೆ, ಬಸ್ ನಿಲ್ದಾಣಕ್ಕೆ, ಮಾರುಕಟ್ಟೆಗೆ ಅಟ್ಟಿದರು. ಪ್ರದರ್ಶನಕ್ಕೆ ಗ್ಯಾಲರಿ ಇಲ್ಲವೆಂದು ಕೊರಗಬೇಡಿ, ಊರೇ ಇದೆಯಲ್ಲ ಎಂಬುದು ಅವರ ಪಾಠದ ತಿರುಳು. ಮುಂದೆ ಇದೇ ಬಳಗ ಬ್ಲ್ಯಾಕ್ಸ್‌ಟಾರ್‌ಲೈನ್ಸ್ ಎಂಬ ಹೆಸರು ತಾಳಿತು. ರಾಜಧಾನಿ ಅಕ್ರಾದ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿ 2015ರಿಂದ 2017ರವರೆಗೆ ಮೂರು ದೊಡ್ಡ ಪ್ರದರ್ಶನಗಳನ್ನು ನಡೆಸಿತು. ನನ್ನ ಮಟ್ಟಿಗೆ, ಇಂದಿನ ಘಾನಾದ ಕಲೆಯ ಕಥೆಯಲ್ಲಿ ಯಾವ ಕಲಾವಿದರಿಗಿಂತಲೂ ಈ ಮೇಷ್ಟ್ರ ಪಾತ್ರವೇ ದೊಡ್ಡದು. ಮೇಷ್ಟ್ರುಗಳ ಹೆಸರು ಕಲಾ ಹರಾಜಿನ ಪಟ್ಟಿಗಳಲ್ಲಿ ಬರುವುದಿಲ್ಲ, ಅಷ್ಟೆ.

ಮಹಾಮ ಅಲ್ಲಿ 2010ರಲ್ಲಿ ಪದವಿ, 2013ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಓದುತ್ತಿರುವಾಗಲೇ ಅಕ್ರಾದ ಮಾಲಮ್ ಅಟ್ಟಾ ಮಾರುಕಟ್ಟೆಯಲ್ಲಿ ಇದ್ದಿಲಿನ ರಾಶಿಯ ಮೇಲೆ ತಮ್ಮ ಗೋಣಿತಾಟನ್ನು ಹೊದಿಸಿ ನಿಂತಿದ್ದರು. ನೋಡಲು ಬಂದವರು ಕಲಾರಸಿಕರಲ್ಲ, ಟೊಮೆಟೊ ಕೊಳ್ಳಲು ಬಂದವರು.

ಹೊಲಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಬ್ಬಣಕ್ಕೆ ಹುರಿ ಪೋಣಿಸಿಕೊಂಡು ನೆಲದ ಮೇಲೆ ಕೂತವರಲ್ಲಿ ಹೆಚ್ಚಿನವರು ಉತ್ತರದ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ದಕ್ಷಿಣದ ನಗರಗಳಿಗೆ ಬಂದವರು. ಅವರ ಮಡಿಲಲ್ಲಿ ಚಾಚಿಕೊಂಡಿರುವ ಚೀಲದ ಮೇಲೆ ಕೋಕೋ ಮಂಡಳಿಯ ಅಚ್ಚು ಮಾಸಿದೆ. ಅದರ ಮೇಲೆ ಯಾವುದೋ ವ್ಯಾಪಾರಿಯ ಹೆಸರು ದಪ್ಪ ಅಕ್ಷರದಲ್ಲಿದೆ, ತನ್ನ ಚೀಲ ಇನ್ನೊಬ್ಬನ ರಾಶಿಗೆ ಸೇರಬಾರದೆಂದು ಬರೆದದ್ದು. ಪಕ್ಕದಲ್ಲಿ ಬೇರೆ ಬಣ್ಣದ ದಾರದ ತೇಪೆ, ಕೆಳಗೆ ಇದ್ದಿಲಿನ ಮಸಿ. ಇನ್ನು ಹೊಲಿಯುವ ಕೈಗಳು. ಕೆಲವರ ಮುಂಗೈಯ ಒಳಭಾಗದಲ್ಲಿ ಹಚ್ಚೆ ಇದೆ. ಹೂವಲ್ಲ, ಬಳ್ಳಿಯಲ್ಲ. ಅವರದೇ ಹೆಸರು, ಊರಿನ ಹೆಸರು, ನೆಂಟರ ಹೆಸರು. ತಲೆಹೊರೆ ಹೊತ್ತು ಬೀದಿಯಲ್ಲಿ ಬದುಕುವ ಈ ಹೆಣ್ಣುಮಕ್ಕಳನ್ನು ಅಲ್ಲಿ ಕಯಾಯೆ ಎನ್ನುತ್ತಾರೆ. ಅಪರಿಚಿತ ನಗರದಲ್ಲಿ ಏನಾದರೂ ಅವಘಡವಾಗಿ ಪ್ರಾಣ ಹೋದರೆ ಸುದ್ದಿ ಯಾರಿಗೆ ಮುಟ್ಟಬೇಕೆಂದು ತಿಳಿಯಲಿ ಎಂಬುದು ಆ ಹಚ್ಚೆಯ ಉದ್ದೇಶ. ಚೀಲದ ಮೇಲೊಂದು ಹೆಸರು, ಕೈಯ ಮೇಲೊಂದು ಹೆಸರು. ಮಹಾಮ ಆ ಕೈಗಳ ಫೋಟೊ ತೆಗೆದು ಅವನ್ನೂ ತಮ್ಮ ಕೆಲಸದ ಭಾಗ ಮಾಡಿಕೊಂಡರು. ಅವರ ಗೋಣಿಗಳಿಗಿಂತ ಈ ಫೋಟೊಗಳೇ ನನ್ನನ್ನು ಹೆಚ್ಚು ಕಾಡಿದವು.

ಉತ್ತರದವರು ದಕ್ಷಿಣಕ್ಕೆ ಹೋಗಿ ಹೊರೆ ಹೊರುವುದು ನಿನ್ನೆ ಮೊನ್ನೆಯ ಮಾತಲ್ಲ. ಬ್ರಿಟಿಷರು ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ ಈ ವಸಾಹತಿನಲ್ಲಿ ದಕ್ಷಿಣಕ್ಕೆ ಚಿನ್ನದ ಗಣಿ, ಮರ, ಕೋಕೋ ತೋಟ. ಉತ್ತರದ ಹುಲ್ಲುಗಾಡಿನ ಸೀಮೆ ಆಳುಗಳನ್ನು ಒದಗಿಸುವ ಪ್ರದೇಶ. ರೈಲು ಹಾಕಿದ್ದೂ ಈ ಲೆಕ್ಕದಲ್ಲೇ. ಸಮುದ್ರ ತೀರದ ಸೆಕೊಂಡಿಯಿಂದ ಹೊರಟ ಹಳಿ 1901ರಲ್ಲಿ ಟಾರ್ಕ್ವಾದ ಚಿನ್ನದ ಗಣಿ ಮುಟ್ಟಿತು, 1903ರಲ್ಲಿ ಕುಮಾಸಿ ಮುಟ್ಟಿತು, ಅಲ್ಲಿಗೆ ನಿಂತಿತು. ಟಮಾಲೆಗೆ ರೈಲು ಬರಲೇ ಇಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿರಲಿ. ಮಹಾಮ ಮುಂದೆ ಮಾಡಿದ ಎಷ್ಟೋ ಕೆಲಸಗಳಿಗೆ ಕೀಲಿ ಅದೇ.

ಹೊರ ಪ್ರಪಂಚಕ್ಕೆ ಅವರು ಗೊತ್ತಾದದ್ದು 2015ರಲ್ಲಿ. ಆ ವರ್ಷದ ವೆನಿಸ್ ಬಿಯೆನಾಲೆ ಎಂಬ ಕಲಾಮೇಳಕ್ಕೆ ಕ್ಯುರೇಟರ್ ಆಗಿದ್ದವರು ನೈಜೀರಿಯಾದಲ್ಲಿ ಹುಟ್ಟಿದ ಒಕ್ವುಯಿ ಎನ್ವೆಜೋರ್. ಶತಮಾನ ದಾಟಿದ ಆ ಮೇಳವನ್ನು ಮುನ್ನಡೆಸಿದ ಮೊದಲ ಆಫ್ರಿಕನ್. ವೆನಿಸ್ಸಿನ ಹಳೆಯ ಹಡಗುಕಟ್ಟೆಯ ಪಕ್ಕದಲ್ಲಿ ಸುಮಾರು 300 ಮೀಟರ್ ಉದ್ದದ ಓಣಿ ಇದೆ. ಅದರ ಎರಡೂ ಬದಿಯ ಗೋಡೆಗಳನ್ನು ಮಹಾಮ ಗೋಣಿಯಿಂದ ಮುಚ್ಚಿದರು. ಇಪ್ಪತ್ತೆಂಟರ ಹುಡುಗ. ನಡೆಯುವವರಿಗೆ ಆಚೆ ಈಚೆ ಗೋಣಿ, ತಲೆಯ ಮೇಲೆ ಆಕಾಶ, ಮುಂದಕ್ಕೆ ಹೋಗದೆ ಬೇರೆ ದಾರಿಯಿಲ್ಲ. ಯುರೋಪು ಜಗತ್ತಿನ ಸರಕಿನಿಂದ ಸಿರಿವಂತವಾದ ಕಾಲದಲ್ಲಿ ಮೆರೆದ ಬಂದರು ಅದು. ಇದ್ದಿಲಿನ ಮಸಿಯ ಚೀಲ ನೇತುಹಾಕಲು ಅದಕ್ಕಿಂತ ತಕ್ಕ ಜಾಗ ಸಿಕ್ಕುವುದು ಕಷ್ಟ.

ಅದೇ ವರ್ಷ ಅದೇ ಮೇಳದಲ್ಲಿ ಜೀವಮಾನ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ಪಡೆದವರು ಎಲ್ ಅನಾತ್ಸುಯಿ. ಮದ್ಯದ ಬಾಟಲಿಗಳ ಮುಚ್ಚಳ ಚಪ್ಪಟೆ ಮಾಡಿ ತಾಮ್ರದ ತಂತಿಯಿಂದ ಹೆಣೆದು ರಾಜವಸ್ತ್ರದಂಥ ತೂಗುಶಿಲ್ಪ ಮಾಡುವ ಹಿರಿಯರು. ಅವರೂ ಘಾನಾದವರೇ, ಕುಮಾಸಿಯಲ್ಲೇ ಓದಿ 1969ರಲ್ಲಿ ಹೊರಬಂದವರು. ಆದರೆ ಅನಾತ್ಸುಯಿ 1975ರಲ್ಲಿ ನೈಜೀರಿಯಾದ ನ್ಸುಕ್ಕಾಕ್ಕೆ ಪಾಠ ಹೇಳಲು ಹೋಗಿ ದಶಕಗಳ ಕಾಲ ಅಲ್ಲೇ ಉಳಿದರು. ಮಹಾಮ ಊರಿಗೆ ಮರಳಿದರು. ಇಬ್ಬರ ದಾರಿ ಬೇರೆಯಾಗುವುದು ಇಲ್ಲಿ.

ಈ ನಡುವೆ ಒಂದು ಜಗಳವೂ ನಡೆಯಿತು. ಅಮೆರಿಕದ ಒಬ್ಬ ಕಲಾ ವ್ಯಾಪಾರಿ ಮತ್ತು ಆತನ ಜೊತೆಗಾರ ಮಹಾಮರ ಗೋಣಿತಾಟುಗಳನ್ನು ಕೊಂಡು, ತುಂಡರಿಸಿ, ಚೌಕಟ್ಟಿಗೆ ಬಿಗಿದು ನೂರಾರು ಬಿಡಿ ಕೃತಿಗಳನ್ನಾಗಿ ಮಾರಲು ಹೊರಟರು. ಇವು ನನ್ನವಲ್ಲ ಎಂದರು ಮಹಾಮ. ನೀನೇ ಸಹಿ ಹಾಕಿದ್ದೀಯಲ್ಲ ಎಂದು ಅವರು 2015ರಲ್ಲಿ ದಾವೆ ಹೂಡಿದರು. ಮರುವರ್ಷ ರಾಜಿಯಾಯಿತು. ನೂರು ಜನ ಸೇರಿ ಹೊಲಿದದ್ದನ್ನು ಕತ್ತರಿಸಿ ಬೆಲೆ ಕಟ್ಟಬಹುದೆಂದು ಮಾರುಕಟ್ಟೆಗೆ ಎಷ್ಟು ಬೇಗ ಹೊಳೆಯುತ್ತದೆ ನೋಡಿ.

ಆಮೇಲಿನ ಮೆರವಣಿಗೆಯನ್ನು ಬೇಗ ಬೇಗ ಹೇಳಿಬಿಡುತ್ತೇನೆ. 2016ರಲ್ಲಿ ಅಕ್ರಾದ ರಾಷ್ಟ್ರೀಯ ರಂಗಮಂದಿರಕ್ಕೇ ಗೋಣಿ ಹೊದಿಸಿದರು. 2017ರ ಡಾಕ್ಯುಮೆಂಟಾ ಕಲಾಮೇಳಕ್ಕೆ ಜರ್ಮನಿಯ ಕಾಸೆಲ್‌ನಲ್ಲಿ ಹಳೆಯ ಕಾವಲು ಕಟ್ಟಡಗಳನ್ನು ಮುಚ್ಚಿದರು. ಅದೇ ಮೇಳದ ಇನ್ನೊಂದು ನೆಲೆಯಾದ ಅಥೆನ್ಸ್‌ನಲ್ಲಿ, ಪಾರ್ಲಿಮೆಂಟಿನ ಎದುರಿನ ಸಿಂಟಾಗ್ಮಾ ಚೌಕದಲ್ಲಿ, ಸಾಲದಿಂದ ಕಂಗಾಲಾದ ಗ್ರೀಕರೊಡನೆ ಕೂತು ಗೋಣಿ ಹೊಲಿದರು. 2019ರಲ್ಲಿ ಮಿಲಾನಿನ ಪೋರ್ಟಾ ವೆನೆಜಿಯಾದ ಜೋಡಿ ಕಟ್ಟಡಗಳು. ಅದೇ ವರ್ಷ ವೆನಿಸ್ಸಿನಲ್ಲಿ ಘಾನಾ ದೇಶ ಮೊಟ್ಟಮೊದಲ ಬಾರಿಗೆ ತನ್ನದೇ ಮಂಟಪ ತೆರೆದಾಗ ಮೀನಿಗೆ ಹೊಗೆ ಕೊಡುವ ಜಾಲರಿಗಳನ್ನು ಅಲ್ಲಿಗೆ ಒಯ್ದರು. 2024ರಲ್ಲಿ ಲಂಡನ್ನಿನ ಬಾರ್ಬಿಕನ್ ಕಟ್ಟಡಕ್ಕೆ ಗೋಣಿ ಬಿಟ್ಟು ನೇರಳೆ-ಗುಲಾಬಿ ಬಣ್ಣದ ಕೈಮಗ್ಗದ ಬಟ್ಟೆ ಹೊದಿಸಿದರು. ಟಮಾಲೆಯಲ್ಲಿ ನೂರಾರು ಜನ ನೇಯ್ದು ಹೊಲಿದ ಆ ಬಟ್ಟೆ ಸುಮಾರು 2,000 ಚದರ ಮೀಟರ್. ಹರಡಲು ಜಾಗ ಸಾಲದೆ ಊರಿನ ಫುಟ್ಬಾಲ್ ಕ್ರೀಡಾಂಗಣಕ್ಕೆ ಒಯ್ಯಬೇಕಾಯಿತು. ಅದರ ಮೇಲೆ ಬಟಕಾರಿ ಎಂಬ ಉತ್ತರ ಘಾನಾದ ನಿಲುವಂಗಿಗಳನ್ನು ನೂರಕ್ಕೂ ಹೆಚ್ಚು ಹೊಲಿದಿದ್ದರು, ಮನೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದವು.

ಕಟ್ಟಡ ಮುಚ್ಚುವುದು ಹಿಂದೆ ಕಲಾವಿದ ಕ್ರಿಸ್ಟೋ ಮಾಡಿದ್ದೇ ಅಲ್ಲವೇ ಎಂಬ ಆಕ್ಷೇಪ ಇದೆ. ಕ್ರಿಸ್ಟೋ ಹೊಸ ಬಟ್ಟೆ ಹೊದಿಸಿ ಕಟ್ಟಡವನ್ನು ಕಣ್ಮರೆ ಮಾಡಿದರು. ಮಹಾಮರಲ್ಲಿ ನೋಡಬೇಕಾದದ್ದು ಕಟ್ಟಡವನ್ನಲ್ಲ, ಬಟ್ಟೆಯನ್ನು. ಆಕ್ಷೇಪ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ನಾಲ್ಕನೆಯ, ಐದನೆಯ ಊರಿನಲ್ಲಿ ಅದೇ ಗೋಣಿ ಇಳಿಬಿದ್ದಾಗ ಕಸುವು ಸ್ವಲ್ಪ ಇಳಿಯಿತು ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಇಷ್ಟೇ ಆಗಿದ್ದರೆ ಅವರು ಹೆಸರು ಮಾಡಿದ ಅನೇಕ ಶಿಲ್ಪಿಗಳಲ್ಲಿ ಒಬ್ಬರಾಗುತ್ತಿದ್ದರು, ನಾನಿಲ್ಲಿ ಇಷ್ಟು ಹೊತ್ತು ಮಾತಾಡುತ್ತಿರಲಿಲ್ಲ. ಅವರ ಬದುಕಿನ ದೊಡ್ಡ ತಿರುವು ಇರುವುದು ಗೋಣಿ ಮಾರಿ ಬಂದ ಹಣ ಎಲ್ಲಿಗೆ ಹೋಯಿತು ಎಂಬಲ್ಲಿ. ಅದು ಟಮಾಲೆಗೆ ಹೋಯಿತು. 2019ರಲ್ಲಿ ಅಲ್ಲಿ ಸವಾನಾ ಸಮಕಾಲೀನ ಕಲಾಕೇಂದ್ರ ತೆರೆಯಿತು. ಸರ್ಕಾರ ಕಟ್ಟಿದ್ದಲ್ಲ, ಯಾವುದೋ ವಿದೇಶಿ ರಾಯಭಾರ ಕಚೇರಿ ಕಟ್ಟಿಸಿಕೊಟ್ಟದ್ದೂ ಅಲ್ಲ. ಮೊದಲ ಪ್ರದರ್ಶನ ಯಾರದ್ದು? ಜಗತ್ತು ಹೊಗಳುತ್ತಿದ್ದ ಮಹಾಮ ತಮ್ಮದನ್ನೇ ತೂಗುಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಎಂಬತ್ತರ ಆಸುಪಾಸಿನಲ್ಲಿದ್ದ, ಹೊಸ ತಲೆಮಾರು ಬಹುಮಟ್ಟಿಗೆ ಮರೆತಿದ್ದ ಗಾಲೆ ವಿನ್ಸ್ಟನ್ ಕೋಫಿ ಡಾಸನ್ ಎಂಬ ಹಿರಿಯ ಚಿತ್ರಕಾರರ ಇಡೀ ಜೀವಮಾನದ ಕೆಲಸವನ್ನು ಅಲ್ಲಿ ಇಡಲಾಯಿತು. ಆ ಪ್ರದರ್ಶನವನ್ನು ಕ್ಯುರೇಟ್ ಮಾಡಿದವರೂ ಮಹಾಮ ಅಲ್ಲ, ಬರ್ನಾರ್ಡ್ ಅಕೋಯ್-ಜ್ಯಾಕ್ಸನ್. ತನ್ನ ಮನೆ ಕಟ್ಟಿ ಮೊದಲ ಆಸನದಲ್ಲಿ ಹಿರಿಯರನ್ನು ಕೂರಿಸಿ, ಪೂಜೆ ಮಾಡುವ ಕೆಲಸವನ್ನು ಗೆಳೆಯನಿಗೆ ಬಿಟ್ಟಹಾಗೆ.

ಮರುವರ್ಷ ಊರಾಚೆಯ ಜನಾ ಕ್‌ಪೆಂಗ್ ಎಂಬಲ್ಲಿ ರೆಡ್ ಕ್ಲೇ ಎಂಬ ಎರಡನೆಯ ಕೇಂದ್ರ ತೆರೆಯಿತು. ಕೆಂಪು ಇಟ್ಟಿಗೆಯ ದೊಡ್ಡ ದೊಡ್ಡ ಶೆಡ್ಡುಗಳು, ಒಳಗೂ ಹೊರಗೂ ಕಲಾಕೃತಿಗಳು, ಬಯಲಿನಲ್ಲಿ ಹಾರಾಟ ನಿಲ್ಲಿಸಿದ ಹಳೆಯ ವಿಮಾನಗಳು. ವಿಮಾನಗಳ ಒಳಗೆ ಮಕ್ಕಳಿಗೆ ಪಾಠ ನಡೆಯುತ್ತದೆ. ಪ್ರವೇಶ ಉಚಿತ. ಶಾಲೆಗಳಿಂದ ಸಾಲು ಸಾಲಾಗಿ ಬರುವ ಮಕ್ಕಳಲ್ಲಿ ಅನೇಕರು ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡವರು.

ಮೂರನೆಯದು ಇನ್ನೂ ವಿಚಿತ್ರ. ಘಾನಾ 1957ರಲ್ಲಿ ಸ್ವತಂತ್ರವಾದ ಮೇಲೆ ಎನ್‌ಕ್ರುಮಾ ಸರ್ಕಾರ ದೇಶದುದ್ದಕ್ಕೂ ಕಾಂಕ್ರೀಟಿನ ಭಾರಿ ಕಣಜಗಳನ್ನು ಕಟ್ಟಲು ಹೊರಟಿತ್ತು. ಬೆಳೆಯನ್ನು ಕೂಡಿಟ್ಟುಕೊಂಡರೆ ಬೆಲೆ ನಾವೇ ನಿರ್ಧರಿಸಬಹುದು ಎಂಬ ಲೆಕ್ಕ. 1966ರ ಫೆಬ್ರುವರಿಯಲ್ಲಿ ಸೇನೆ ಎನ್‌ಕ್ರುಮಾರನ್ನು ಕೆಳಗಿಳಿಸಿತು, ಕಣಜಗಳು ಅರ್ಧಕ್ಕೇ ನಿಂತವು. ಟಮಾಲೆಯಲ್ಲಿ ಹಾಗೆ ಪಾಳುಬಿದ್ದ ಒಂದನ್ನು ಮಹಾಮ ದುಡ್ಡು ಕೊಟ್ಟು ಕೊಂಡರು. ಎನ್‌ಕ್ರುಮಾ ವೊಲಿನಿ ಎಂಬ ಹೆಸರಿನಲ್ಲಿ 2021ರಲ್ಲಿ ಅದು ಜನರಿಗೆ ತೆರೆಯಿತು. ಒಳಗೆ ಬಾವಲಿಗಳು ಸಂಸಾರ ಹೂಡಿದ್ದವು. ಅವನ್ನು ಓಡಿಸಲಿಲ್ಲ.

ಕ್ಯುರೇಟರ್ ಎಂದರೆ ಯಾರ ಚಿತ್ರ ಯಾವ ಗೋಡೆಗೆ ಎಂದು ತೀರ್ಮಾನಿಸುವ ಅಧಿಕಾರಿ ಎಂದು ನಾವು ತಿಳಿದಿರುತ್ತೇವೆ. ಮಹಾಮರ ವಿಷಯದಲ್ಲಿ ಶಿಲ್ಪಿಯ ಕೆಲಸವನ್ನೂ ಕ್ಯುರೇಟರ್ ಕೆಲಸವನ್ನೂ ಬೇರೆ ಮಾಡಲು ನನಗೆ ಆಗುತ್ತಿಲ್ಲ. ಹರಿದ ಚೀಲ, ನಿಂತ ವಿಮಾನ, ಅರ್ಧ ಕಟ್ಟಿದ ಕಣಜ, ಮರೆತುಹೋದ ಚಿತ್ರಕಾರ. ಇವೆಲ್ಲವನ್ನೂ ಎತ್ತಿ ತಂದು ಜನ ನಿಂತು ನೋಡುವ ಕಡೆ ಇಡುವುದು ಅವರಿಗೆ ಒಂದೇ ಕಸುಬು. ಪಶ್ಚಿಮ ಆಫ್ರಿಕದಲ್ಲಿ ಹೀಗೆ ಸ್ವಂತ ಬಲದಿಂದ ಸಂಸ್ಥೆ ಕಟ್ಟಿದವರು ಇವರೊಬ್ಬರೇ ಅಲ್ಲ. ಲಾಗೋಸ್‌ನಲ್ಲಿ ಬಿಸಿ ಸಿಲ್ವಾ, ಡಕಾರ್‌ನಲ್ಲಿ ಕೋಯೋ ಕುವೋ ಇದ್ದರು. ಇಬ್ಬರೂ ಈಗಿಲ್ಲ. ಅವರು ಕ್ಯುರೇಟರ್‌ಗಳಾಗಿಯೇ ಬಂದವರು. ಕಲಾವಿದರೇ ಈ ಹೊಣೆ ಹೊರುವುದು ನಮಗೂ ಹೊಸತಲ್ಲ. ಕೊಚ್ಚಿ-ಮುಜಿರಿಸ್ ಬಿಯೆನಾಲೆಯ 2016ರ ಆವೃತ್ತಿಯನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಿ ಸುದರ್ಶನ ಶೆಟ್ಟಿ.

2023ರಲ್ಲಿ ಸ್ಲೊವೇನಿಯಾದ ಲುಬ್ಲಿಯಾನಾ ನಗರದವರು ತಮ್ಮ ಗ್ರಾಫಿಕ್ ಕಲಾ ಬಿಯೆನಾಲೆಯ 35ನೇ ಆವೃತ್ತಿಯ ಕಲಾ ನಿರ್ದೇಶಕರಾಗಿ ಮಹಾಮರನ್ನು ಕರೆದರು. ಆ ಮೇಳ ಯುಗೊಸ್ಲಾವಿಯಾದ ಕಾಲದಲ್ಲಿ, 1955ರಲ್ಲಿ ಶುರುವಾದದ್ದು. ಟಿಟೋ, ನೆಹರೂ, ಎನ್‌ಕ್ರುಮಾ 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೇರಿ ಅಲಿಪ್ತ ಚಳವಳಿ ಕಟ್ಟಿದ ಹೊತ್ತಿನಲ್ಲಿ ಏಷ್ಯಾ, ಆಫ್ರಿಕದ ಕಲಾವಿದರಿಗೆ ಬಾಗಿಲು ತೆರೆದಿದ್ದ ಜಾಗ. ಮಹಾಮ ಒಬ್ಬರೇ ಹೋಗಲಿಲ್ಲ, ಕುಮಾಸಿಯ ಬಳಗದವರನ್ನೂ ಇತರ ಕ್ಯುರೇಟರ್‌ಗಳನ್ನೂ ಜೊತೆಗೆ ಸೇರಿಸಿಕೊಂಡರು. ಅಲಿಪ್ತ ನೀತಿಯ ಹಳೆಯ ಕನಸನ್ನು ಅವರು ಕೆದಕುವ ಬಗೆ ಚೆಂದ. ಆದರೆ ಎನ್‌ಕ್ರುಮಾ ಕಾಲದ ಬಗ್ಗೆ ಅವರಿಗೆ ಸ್ವಲ್ಪ ಹೆಚ್ಚೇ ಮಮತೆ ಎಂದು ನನಗೆ ಅನಿಸುತ್ತದೆ. ಅದೇ 1961ರಲ್ಲಿ ಸೆಕೊಂಡಿ-ಟಕೊರಾಡಿಯ ರೈಲ್ವೆ ಕಾರ್ಮಿಕರು ಎನ್‌ಕ್ರುಮಾ ಸರ್ಕಾರದ ವಿರುದ್ಧವೇ ಮುಷ್ಕರ ಹೂಡಿದ್ದರು, ಮುಖಂಡರು ಜೈಲಿಗೂ ಹೋದರು.

ರೈಲಿನ ಮಾತು ಬಂತು. ಮ್ಯಾಂಚೆಸ್ಟರ್‌ನ ವಿಟ್ವರ್ತ್ ಗ್ಯಾಲರಿಯಲ್ಲಿ 2019ರಲ್ಲಿ ಮಹಾಮ ‘ಭೂತಗಳ ಸಂಸತ್ತು’ ಕಟ್ಟಿದರು. ಘಾನಾ ರೈಲ್ವೆಯ ಗುಜರಿಗೆ ಬಿದ್ದ ಎರಡನೇ ದರ್ಜೆಯ ಬೋಗಿಗಳ ಸೀಟುಗಳನ್ನು ಕಳಚಿ ತಂದು ಸಂಸತ್ತಿನ ಸದಸ್ಯರ ಸಾಲುಗಳಂತೆ ಎದುರುಬದುರು ಜೋಡಿಸಿದರು. ಬ್ರಿಟಿಷರು ಹಾಕಿದ ರೈಲಿನ ಸೀಟಿನಲ್ಲಿ ಬ್ರಿಟಿಷರೇ ಬಂದು ಕೂತು ಚರ್ಚೆ ಮಾಡಿದರು. ಮುಂದೆ ಅದನ್ನೇ ರೆಡ್ ಕ್ಲೇಯಲ್ಲಿ ಇಟ್ಟಿಗೆಯಲ್ಲಿ ಕಟ್ಟಿದರು. ಆ ಸಂಸತ್ತಿನ ಇನ್ನೊಂದು ರೂಪ 2025ರ ಡಿಸೆಂಬರಿನಲ್ಲಿ ಶುರುವಾದ ಕೊಚ್ಚಿ ಬಿಯೆನಾಲೆಗೂ ಬಂತು. ಮಟ್ಟಂಚೇರಿಯ ಹಳೆಯ ಗೋದಾಮಿನಲ್ಲಿ ಗೋಣಿಯ ಗೋಡೆ, ನಡುವೆ ಹಳೆಯ ಕುರ್ಚಿಗಳು. ಸೆಣಬಿನ ನಾಡಿಗೇ ಗೋಣಿ ಬಂದಂತಾಯಿತು. ಅದೇ ಡಿಸೆಂಬರಿನಲ್ಲಿ ಲಂಡನ್ನಿನ ಆರ್ಟ್‌ರಿವ್ಯೂ ಪತ್ರಿಕೆ ಕಲಾ ಜಗತ್ತಿನ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಮಹಾಮರಿಗೆ ಮೊದಲ ಸ್ಥಾನ ಕೊಟ್ಟಿತು. ಆ ಸ್ಥಾನಕ್ಕೆ ಬಂದ ಮೊದಲ ಆಫ್ರಿಕನ್. ಇಂಥ ಪಟ್ಟಿಗಳನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಇಡುವವನಲ್ಲ. ಆದರೂ ಈ ಸಲ ಲಂಡನ್, ನ್ಯೂಯಾರ್ಕ್ ಬಿಟ್ಟು ಟಮಾಲೆಯ ಕಡೆ ಕಣ್ಣು ಹಾಯಿಸಿದ್ದು ವಿಶೇಷ.

ಈಗ ನನ್ನೊಳಗೆ ಉಳಿದಿರುವ ತಕರಾರನ್ನೂ ಹೇಳಬೇಕು. ಈ ಗೋಣಿಗಳನ್ನು ಮಾರುವುದು ಲಂಡನ್ನಿನ ವೈಟ್ ಕ್ಯೂಬ್‌ನಂಥ ಭಾರಿ ಗ್ಯಾಲರಿ. ಕೊಳ್ಳುವವರು ಭಾರಿ ಶ್ರೀಮಂತರು. ಇದ್ದಿಲಿನವರಿಗೆ ಹರಿದ ಚೀಲಕ್ಕೆ ಹೊಸ ಚೀಲ ಸಿಕ್ಕಿತು, ಹೊಲಿದವರಿಗೆ ಕೂಲಿ ಸಿಕ್ಕಿತು. ಕೃತಿಗೆ ಸಹಿ ಒಬ್ಬರದು. ಶ್ರಮದ ಬಗ್ಗೆ ಮಾತಾಡುವ ಕಲೆ ಶ್ರಮಿಕರ ಹೆಸರನ್ನು ಎಲ್ಲಿ ಬರೆಯುತ್ತದೆ? ಮಹಾಮರ ಕಡೆಯಿಂದ ಇದಕ್ಕೆ ಉತ್ತರ ಟಮಾಲೆಯ ಮೂರು ಕಟ್ಟಡಗಳು. ಹಣ ಹೊರಗಿಂದ ಬಂದು ಊರಿನಲ್ಲಿ ಇಟ್ಟಿಗೆಯಾಗಿದೆ, ನೂರಾರು ಜನರಿಗೆ ಕೆಲಸವಾಗಿದೆ. ಬಹಳ ಕಲಾವಿದರು ಇಷ್ಟೂ ಮಾಡಿಲ್ಲ. ಆದರೆ ಮೂರೂ ನಿಂತಿರುವುದು ಬಹುಪಾಲು ಒಬ್ಬರ ಕೃತಿಗಳ ಮಾರಾಟದ ಮೇಲೆ. ಮಾರುಕಟ್ಟೆಗೆ ಗೋಣಿ ಬೇಸರವಾದ ದಿನ ವಿಮಾನದೊಳಗಿನ ತರಗತಿ ಹೇಗೆ ನಡೆಯುತ್ತದೆ? ಕೋಕೋ ಬೆಲೆ ಹೊರಗಿನವರ ಕೈಯಲ್ಲಿದ್ದಂತೆ ಈ ಕಲೆಯ ಬೆಲೆಯೂ ಹೊರಗಿನವರ ಕೈಯಲ್ಲೇ ಇದೆ.

ಮಹಾಮ ಮಾತ್ರ ಕೂಡಿಹಾಕುವುದನ್ನು ನಿಲ್ಲಿಸಿಲ್ಲ. 2025ರಲ್ಲಿ ವಿಯೆನ್ನಾದ ಕುನ್ಸ್ಟ್‌ಹಾಲೆಯಲ್ಲಿ ಹಳೆಯ ಡೀಸೆಲ್ ಎಂಜಿನ್ ಒಂದನ್ನು ಸಾವಿರಾರು ಎನಾಮಲ್ ಬೋಗುಣಿಗಳ ಮೇಲೆ ನಿಲ್ಲಿಸಿದರು, ಹೆಂಗಸರು ತಲೆಯ ಮೇಲೆ ಹೊರೆ ಹೊರುವ ಬೋಗುಣಿಗಳು. ಇತ್ತ ರೆಡ್ ಕ್ಲೇಯ ಅಂಗಳಕ್ಕೆ ದಕ್ಷಿಣದಿಂದ ಹಳೆಯ ರೈಲು ಬೋಗಿಗಳು ಬಂದಿವೆ. ಟಮಾಲೆಗೆ ಹಳಿ ಈಗಲೂ ಇಲ್ಲ. ಅವು ಬಂದದ್ದು ರಸ್ತೆಯಲ್ಲಿ, ಲಾರಿಗಳ ಮೇಲೆ.